ಹಿಂದಿನ ಸೀಟು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಅಪ್ಪಾವರೆ, ದೇವರ ಕೋಣೆಗೆ ಹಾಲುಗಲ್ಲು ಹಾಕಿಸಿದೆ. ತಾನಾಗಿಯೇ ಬಡಿದುಕೊಳ್ಳುವ ಗಂಟೆ ತಂದೆ. ಬೆಳಗಾದರೆ ಮಂತ್ರ ಹೇಳುವ ಪೆಟ್ಟಿಗೆ ಇಟ್ಟೆ. ಆದರೂ ನನ್ನ ಮಾತು ದೇವರಿಗೆ ಮುಟ್ಟಿತು ಅನಿಸುವುದಿಲ್ಲ. ಇನ್ನೇನು ಮಾಡಿಸಲಿ?"

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಸೀರೆ ವ್ಯಾಪಾರಿ ಇದ್ದ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಕಾರಿನ ಡಿಕ್ಕಿಯಲ್ಲಿ ಸೀರೆಗಂಟು ಹೇರಿಕೊಂಡು ಊರೂರಿನ ಸಂತೆಗೆ ಹೋಗುವರು. ಅವನು ಓಡಿಸುವನು, ಅವಳು ಪಕ್ಕದಲ್ಲಿ ಕೂರುವಳು. ದಾರಿಯುದ್ದಕ್ಕೂ ಮಾತು, ನಗು, ನಡುವೆ ಒಂದು ತತ್ವಪದ.

ಒಮ್ಮೆ ಜ್ವರ ಬಂದು ಅವಳ ಕಿವಿ ಹೋದವು. ಆದರೂ ಪಕ್ಕದಲ್ಲಿ ಕೂತಾಗ ಅವನು ಏನಾದರೂ ಅಂದರೆ ಒಮ್ಮೊಮ್ಮೆ ನಗುವಳು. ಇನ್ನೂ ಅಷ್ಟಿಷ್ಟು ಕೇಳಿಸುತ್ತದೆ, ಸದ್ದು ಸಾಲದು ಎಂದು ಅವನು ತಿಳಿದ. ಅವಳಿಗೆ ತತ್ವಪದವನ್ನು ಮತ್ತೆ ಕೇಳಿಸಲೇಬೇಕು ಎಂದು ಪಣ ತೊಟ್ಟ.

ಕಾರಿಗೆ ಸ್ಪೀಕರ್ ಕೂರಿಸುವವನ ಬಳಿ ಹೋಗಿ ವಿಚಾರಿಸಿದ. ಆತ ಕಾರನ್ನು ಸುತ್ತಿ ನೋಡಿದ. "ದೊಡ್ಡ ವೂಫರ್ ಹಾಕಿದರೆ ಕಿವಿಯ ಹಂಗೇ ಬೇಡ ಸಾಹುಕಾರ್ರೆ, ಎದೆಗೇ ಬಡೀತದೆ. ಮುಂದಿನ ಲಾರಿಯವನು ಹಾರನ್ ಇಲ್ಲದೆ ದಾರಿ ಬಿಡ್ತಾನೆ. ಅಮ್ಮಾವರನ್ನು ಮಾತ್ರ ಹಿಂದಿನ ಸೀಟಿಗೆ ಕೂರಿಸಿ."

ಅಂದಿನಿಂದ ವ್ಯಾಪಾರಿಯ ತಲೆಯಲ್ಲಿ ಅದೊಂದೇ. ಉಣ್ಣುವಾಗ ಡಿಕ್ಕಿಯ ಅಳತೆ, ಮಲಗುವಾಗ ಬ್ಯಾಟರಿಯಿಂದ ಎಳೆಯಬೇಕಾದ ವೈರಿನ ಯೋಚನೆ. ಆಂಪ್ಲಿಫೈಯರ್ ಸೀಟಿನ ಅಡಿ ಇಟ್ಟರೆ ಕಾದೀತು. ಪೆಟ್ಟಿಗೆಯ ಹಲಗೆ ತೆಳುವಾದರೆ ನಡುಗೀತು. ಹೆಂಡತಿ ಎದುರು ಬಂದು ಏನೆಂದು ಕೈಸನ್ನೆಯಲ್ಲಿ ಕೇಳಿದರೆ, ಆಮೇಲೆ ಎಂದು ಕೈಯಾಡಿಸಿ ಮತ್ತೆ ಲೆಕ್ಕಕ್ಕೆ ಬೀಳುವನು.

ಕೊನೆಗೆ ಎಲ್ಲವೂ ಅಂದುಕೊಂಡಂತೆ ಕೂತಿತು. ಡಿಕ್ಕಿಯ ತುಂಬ ಪೆಟ್ಟಿಗೆ. ಸೀರೆಗಂಟು ಮುಂದಿನ ಸೀಟಿಗೆ ಬಂತು. ಹೆಂಡತಿ ಹಿಂದಕ್ಕೆ ಹೋದಳು. ಹಾಡು ಹಚ್ಚಿದಾಗ ಢೋಲಕಿಯ ಪೆಟ್ಟು ಅವಳ ಬೆನ್ನಿಗೆ ಬಡಿಯಿತು. ಅವಳು ಎದೆಯ ಮೇಲೆ ಕೈ ಇಟ್ಟುಕೊಂಡು ನಕ್ಕಳು. ಕನ್ನಡಿಯಲ್ಲಿ ಅದನ್ನು ಕಂಡು ಅವನ ಕಣ್ಣು ತುಂಬಿತು.

ಮುಂದೆ ಸಂತೆಗೆ ಹೋಗುವಾಗಲೆಲ್ಲ ಅವಳು ಹಿಂದಿನಿಂದ ಅವನ ಭುಜ ತಟ್ಟುವಳು. ಅವನು ಸದ್ದು ಏರಿಸುವನು. ಮತ್ತೆ ತಟ್ಟುವಳು, ಮತ್ತೆ ಏರಿಸುವನು. ಬರಬರುತ್ತ ತಟ್ಟುವುದು ನಿಂತಿತು. ಈಗ ಸಾಕಷ್ಟು ಕೇಳಿಸುತ್ತಿದೆ ಎಂದು ಅವನಿಗೆ ಸಮಾಧಾನವಾಯಿತು. ಕೆಲವು ವಾರ ಕಳೆದ ಮೇಲೆ ಅವಳು ಮಂಡಿನೋವೆಂದು ಸಂತೆಗೆ ಬರುವುದನ್ನೇ ಬಿಟ್ಟಳು.

ಆ ವರ್ಷ ಕಳೆಯುವುದರೊಳಗೆ ಹಾಸಿಗೆ ಹಿಡಿದಳು. ಒಂದು ಸಂಜೆ ವ್ಯಾಪಾರಿ ಅವಳಿಗೆ ಗಂಜಿ ಕುಡಿಸುತ್ತ, ಸಂತೆಯಲ್ಲಿ ಗಿರಾಕಿಯೊಬ್ಬಳು ಮದುವೆಗೆ ಉಟ್ಟ ಸೀರೆಯನ್ನೇ ಮಡಿಸಿ ತಂದು ಬಣ್ಣ ಸರಿಯಿಲ್ಲವೆಂದು ಜಗಳವಾಡಿದ್ದನ್ನು ತನ್ನಷ್ಟಕ್ಕೆ ಮೆಲ್ಲನೆ ಹೇಳಿಕೊಂಡ. ಅವಳು ನಕ್ಕುಬಿಟ್ಟಳು. "ಸೆರಗಿಗೆ ಪಾಯಸದ ಕಲೆ ಇತ್ತೇನು?" ಎಂದಳು.

ಅವನ ಕೈ ಅಲ್ಲೇ ನಿಂತಿತು. "ನಿನಗೆ ಕೇಳಿಸಿತೇನೇ?"

"ಇಲ್ಲ ರೀ. ನಿಮ್ಮ ಮುಖ ಕಾಣ್ತದಲ್ಲ. ಕಿವಿ ಹೋದ ಮೇಲೆ ನಿಮ್ಮ ತುಟಿ ನೋಡೇ ತಿಳಕೊಳ್ತಿದ್ದೆ."

"ಮತ್ತೆ ಕಾರಿನಲ್ಲಿ ಭುಜ ತಟ್ಟಿದ್ದು?"

"ಎಲ್ಲಾದರೂ ನಿಲ್ಲಿಸಿ ಒಮ್ಮೆ ಇತ್ತ ತಿರುಗಲಿ ಅಂತ."

ಮರುದಿನ ಅವನು ಪೆಟ್ಟಿಗೆ ಬಿಚ್ಚಿಸಿದ. ಗಂಟನ್ನು ಡಿಕ್ಕಿಗೆ ಹಾಕಿದ. ಮುಂದಿನ ಸೀಟನ್ನು ಒರೆಸಿ, ಮೆತ್ತೆ ಹಾಸಿದ. ಅವಳು ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ.

ಕತೆ ನಿಂತಿತು. ಶಿಷ್ಯ ಮೇಲುವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು, ಆ ವ್ಯಾಪಾರಿ ಪಾಪ, ಅವಳಿಗಾಗಿಯೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು, ಎಂದ.

ಗುರುಗಳು ಕೇಳಿದರು: "ದೇವರು ನಿನ್ನ ಮುಖ ನೋಡಿ ಎಷ್ಟು ದಿನವಾಯಿತಪ್ಪ?"