ಜೇಡಿಯ ಮೇಲೆ ಬೀಳದ ಹೆಜ್ಜೆ

ಮಕ್ಕಳೇ, ಸ್ವಲ್ಪ ಹತ್ತಿರ ಬಂದು ಕೂತುಕೊಳ್ಳಿ. ಈ ಕತೆಯನ್ನು ಜೋರಾಗಿ ಹೇಳಲು ನನಗೆ ಮನಸ್ಸಾಗುವುದಿಲ್ಲ. ಸದ್ದು ಅಡಗಿಹೋದ ಒಂದು ಕಾಡಿನ ಕತೆ ಇದು.

ಮೂರು ಗುಡ್ಡಗಳ ನಡುವೆ ಆ ಕಾಡಿತ್ತು. ಅದರೊಳಗೆ ಒಂದು ಹಳ್ಳ, ಹಳ್ಳದ ದಂಡೆಯಲ್ಲಿ ಅತ್ತಿಮರಗಳ ತೋಪು. ಮರದ ಮೇಲೆ ಮುಸುವಗಳು ಇದ್ದವು. ಮುಸುವ ಅಂದರೆ ಗೊತ್ತಲ್ಲ, ಕರಿ ಮುಖ, ಬೂದಿ ಮೈ, ಮಾರುದ್ದ ಬಾಲದ ಕೋತಿ. ಮರದ ಕೆಳಗೆ ಚುಕ್ಕೆ ಜಿಂಕೆಗಳು ಇದ್ದವು.

ಬೇಸಿಗೆ ಬಂತೆಂದರೆ ಅಲ್ಲಿನ ಹುಲ್ಲೆಲ್ಲ ಒಣಗಿ ಪುಡಿಯಾಗುತ್ತಿತ್ತು. ಆಗ ಜಿಂಕೆಗಳ ಹೊಟ್ಟೆಗೆ ಆಧಾರ ಎಂದರೆ ಕೆಳಪಾಲು. ಪ್ರತಿ ಮುಂಜಾನೆ ಮುಸುವಗಳು ತಾವು ತಿನ್ನುವ ಮೊದಲು ಒಂದೊಂದು ಬೊಗಸೆ ಅತ್ತಿಹಣ್ಣನ್ನು ಕೆಳಗೆ ಉದುರಿಸಬೇಕು, ಅದೇ ಕೆಳಪಾಲು. ಅದು ಯಾರ ಕಾಲದ ಪದ್ಧತಿಯೋ ಯಾರಿಗೂ ನೆನಪಿರಲಿಲ್ಲ. ಯಾಕೆ ಶುರುವಾಯಿತು ಎಂಬುದೂ ಮರೆತುಹೋಗಿತ್ತು. ಅಲ್ಲೇ ಎಡವಟ್ಟಾಯಿತು.

ಆ ಕಾಡಿನ ಎಲ್ಲ ತೋಪುಗಳ ಮುಸುವಗಳಿಗೂ ಒಬ್ಬನೇ ಯಜಮಾನ, ಹೆಸರು ಜಟ್ಟಪ್ಪ. ಅವನಿದ್ದದ್ದು ದೂರದ ಗುಡ್ಡದ ನೆತ್ತಿಯ ಮೇಲೆ, ಒಂದು ದೊಡ್ಡ ಆಲದಲ್ಲಿ. ಹುಟ್ಟಿದ್ದು ಅಲ್ಲೇ, ಬೆಳೆದದ್ದೂ ಅಲ್ಲೇ. ಅವನ ಅಂಗಾಲಿಗೆ ಒಮ್ಮೆಯೂ ಮಣ್ಣು ಅಂಟಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಬೆಟ್ಟದ ಮೇಲೆ ಕೂತವನಿಗೆ ಕೆಳಗಿನ ನೆಲವೂ ಅಷ್ಟೇ ನುಣ್ಣಗೆ ಕಾಣುತ್ತದೆ.

ಒಂದು ಬೇಸಿಗೆ ಜಟ್ಟಪ್ಪ ತನ್ನವರನ್ನೆಲ್ಲ ಆಲದ ಕೊಂಬೆಗಳ ಮೇಲೆ ಕೂರಿಸಿಕೊಂಡು ಹೇಳಿದ, "ಎಲ್ಲ ತೋಪಿಂದಲೂ ದಿನಾ ಇಷ್ಟೊಂದು ಹಣ್ಣು ನೆಲಕ್ಕೆ ಬೀಳ್ತಾ ಇದೆ. ಯಾತಕ್ಕೆ? ಜಿಂಕೆಗಳಿಗೆ ನಾಲ್ಕು ಕಾಲಿಲ್ವಾ? ಹುಡುಕಿ ತಿನ್ನಲಿ. ಕೂತು ತಿನ್ನೋರಿಗೆ ಕುಡಿಕೆ ಹೊನ್ನೂ ಸಾಲಲ್ಲ."

ಯಾರೂ ಎದುರು ಮಾತಾಡಲಿಲ್ಲ. ಅಲ್ಲಿ ಕೂತಿದ್ದವರೆಲ್ಲ ಉಂಡು ಬಂದವರು.

"ನಾಳೆಯಿಂದ ಕೆಳಪಾಲು ಅರ್ಧ," ಅಂದ ಜಟ್ಟಪ್ಪ. "ಅದೂ ಸುಮ್ಮನೆ ಅಲ್ಲ. ಹೊತ್ತು ಹುಟ್ಟೋಕೆ ಮುಂಚೆ ಪ್ರತಿ ಜಿಂಕೇನೂ ಹಳ್ಳದ ಪಕ್ಕದ ಜೇಡಿಮಣ್ಣಿನ ಹತ್ರ ನಡೆದು ಬರಬೇಕು. ಬಂದು ಗೊರಸು ಒತ್ತಬೇಕು. ಗುರುತು ಬಿದ್ದೋರಿಗೆ ಹಣ್ಣು, ಬೀಳದೋರಿಗೆ ಇಲ್ಲ. ಮರಿಗಳ ಹೆಜ್ಜೆ ಲೆಕ್ಕಕ್ಕಿಲ್ಲ."

ಅಪ್ಪಣೆ ಮರದಿಂದ ಮರಕ್ಕೆ ದಾಟಿ ಸಂಜೆಯೊಳಗೆ ಅತ್ತಿತೋಪಿಗೆ ಬಂತು. ಗುರುತು ನೋಡುವ ಕೆಲಸ ಮಾದಯ್ಯ ಎಂಬ ಮುಸುವನ ತಲೆಗೆ ಬಿತ್ತು. ಮಾದಯ್ಯ ಕೆಟ್ಟವನೇನಲ್ಲ. ಆದರೆ ದೊಡ್ಡ ಆಲದ ಹೆಸರು ಹೇಳಿದರೆ ಅವನ ಬಾಲ ತಾನಾಗಿ ಮುದುಡಿಕೊಳ್ಳುತ್ತಿತ್ತು. ಜೇಡಿಯ ಮೇಲಕ್ಕೆ ಚಾಚಿದ್ದ ಒಂದು ಕೊಂಬೆ ಹುಡುಕಿ ಅಲ್ಲಿ ಕೂತ.

ತೋಪಿನ ಹಿರಿಯಳು ಕಲ್ಲಜ್ಜಿ. ಹಲ್ಲೆಲ್ಲ ಬಿದ್ದುಹೋಗಿದ್ದ ಮುದಿ ಮುಸುವ. ಅವಳು ತಲೆ ಕೆರೆದುಕೊಂಡಳು. "ಈ ಕೆಳಪಾಲನ್ನ ನಮ್ಮಜ್ಜಿ ಯಾವತ್ತೂ ದಾನ ಅಂತ ಕರೀಲಿಲ್ಲ ಕಣೋ ಮಾದಯ್ಯ. ಬೇರೆ ಏನೋ ಅಂತಿದ್ಳು. ಹಾಳಾದ್ದು, ನೆನಪಿಗೆ ಬರ್ತಿಲ್ಲ."

"ನೆನಪಾದಾಗ ಹೇಳಜ್ಜಿ," ಅಂದ ಮಾದಯ್ಯ. "ಈಗ ಅಪ್ಪಣೆ ಪ್ರಕಾರ ನಡೀಲಿ."

ಕೆಳಗಿನ ಜಿಂಕೆಗಳಲ್ಲಿ ತುಂಗವ್ವ ಎಂಬುವಳಿದ್ದಳು. ಅವಳಿಗೆ ಒಬ್ಬಳೇ ಮಗಳು, ಪುಟ್ಟತಾಯಿ. ಹಾಲು ಬಿಟ್ಟು ಹಣ್ಣು ಕಚ್ಚುವುದನ್ನು ಆಗಷ್ಟೇ ಕಲಿತಿದ್ದ ಮರಿ.

ಮೊದಲ ದಿನ ತುಂಗವ್ವನ ಗೊರಸು ಜೇಡಿಯಲ್ಲಿ ಚೆನ್ನಾಗಿಯೇ ಊರಿತು. ಅರ್ಧ ಪಾಲು ಸಿಕ್ಕಿತು. ಮಗಳ ಹೆಜ್ಜೆ ಲೆಕ್ಕಕ್ಕಿಲ್ಲದ ಕಾರಣ ಆ ಅರ್ಧದಲ್ಲೇ ಇಬ್ಬರೂ ತಿನ್ನಬೇಕು. ತಾಯಂದಿರು ಹೇಗೆ ಪಾಲು ಮಾಡುತ್ತಾರೆ ಎಂದು ನಿಮಗೆ ಗೊತ್ತು. ಮೂರು ಹಣ್ಣು ಮಗಳಿಗೆ, ಒಂದು ತನಗೆ. "ನನಗೆ ಹಸಿವಿಲ್ಲ ಕಣವ್ವ, ನೀನು ತಿನ್ನು," ಅಂದಳು. ಎರಡನೆಯ ದಿನವೂ ಹಾಗೇ ಅಂದಳು, ಹತ್ತನೆಯ ದಿನವೂ ಹಾಗೇ ಅಂದಳು.

ದಿನ ಕಳೆದಂತೆ ಅವಳ ಗುರುತು ತೆಳ್ಳಗಾಗುತ್ತ ಬಂತು. ಒಂದು ಮಬ್ಬು ಬೆಳಗ್ಗೆ ಮಾದಯ್ಯ ಕೊಂಬೆಯ ಮೇಲಿನಿಂದಲೇ ಇಣುಕಿ ಹೇಳಿದ, "ಗುರುತು ಬೀಳ್ಲಿಲ್ಲ ತುಂಗವ್ವ."

"ಬಿದ್ದಿದೆ ನೋಡಿ ಮಾದಯ್ಯನೋರೆ."

"ನನಗೆ ಕಾಣ್ತಿಲ್ಲ. ಇನ್ನೊಂದ್ಸಲ ಒತ್ತು."

ತುಂಗವ್ವ ಕಾಲೆತ್ತಿ ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಳು. ಆದರೆ ಮೈಯಲ್ಲಿ ಭಾರ ಎಲ್ಲಿತ್ತು?

"ಇಲ್ಲ ಕಣವ್ವ," ಅಂದ ಮಾದಯ್ಯ.

"ನಾನು ನಿಮ್ಮ ಕಣ್ಣೆದುರಿಗೇ ನಿಂತಿದ್ದೀನಲ್ಲ. ನಿಮ್ಮ ಹತ್ರ ಮಾತಾಡ್ತಿದ್ದೀನಲ್ಲ."

"ನಿಂತಿರಬಹುದು. ಗುರುತಿಲ್ಲದೋರು ಬಂದ ಹಾಗಲ್ಲ ಅಂತ ಆಲದ ಅಪ್ಪಣೆ."

ತುಂಗವ್ವ ಬಗ್ಗಿ ತನ್ನ ಗೊರಸನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಹಂಗಾದ್ರೆ ನಾನು ಎಲ್ಲಿದ್ದೀನಿ ಮಾದಯ್ಯನೋರೆ?"

ಮಾದಯ್ಯ ಮುಂದಿನ ಜಿಂಕೆಯನ್ನು ಕರೆದ.

ತಿಂದರೆ ತೂಕ, ತೂಕವಿದ್ದರೆ ಗುರುತು, ಗುರುತಿದ್ದರೆ ತಿನ್ನಲಿಕ್ಕೆ. ಈ ಸುತ್ತು ನಿಮಗೆ ಅರ್ಥವಾಯಿತಲ್ಲ? ಇಷ್ಟು ಚಿಕ್ಕವರಾದ ನಿಮಗೆ ಅರ್ಥವಾದದ್ದು ಅಷ್ಟು ದೊಡ್ಡ ಆಲಕ್ಕೆ ಅರ್ಥವಾಗಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅಲ್ಲಿಂದಾಚೆ ಕಾಡು ವಿಚಿತ್ರವಾಗತೊಡಗಿತು. ಮೊದಲೆಲ್ಲ ಜಿಂಕೆಗಳ ಹಿಂಡು ಬಂದರೆ ಒಣಗಿದ ತರಗೆಲೆ ಚರಚರ ಅನ್ನುತ್ತಿತ್ತು. ಈಗ ಎಲೆಗಳ ಮೇಲೆ ನಡೆದರೂ ಸದ್ದಿಲ್ಲ. ಮುಸುವಗಳು ಎದ್ದು ಕಣ್ಣುಜ್ಜಿಕೊಂಡು ನೋಡಿದರೆ ಜಿಂಕೆಗಳು ಆಗಲೇ ಮರದ ಬುಡದಲ್ಲಿ ನಿಂತಿರುತ್ತಿದ್ದವು. ಯಾವಾಗ ಬಂದವೋ ತಿಳಿಯದು. ತಲೆಯೆತ್ತಿ ಮೇಲೆ ನೋಡುತ್ತಲೂ ಇರಲಿಲ್ಲ. ಸುಮ್ಮನೆ ನಿಂತಿದ್ದು, ಮಂಜು ಕರಗುವ ಹೊತ್ತಿಗೆ ಇಲ್ಲವಾಗುತ್ತಿದ್ದವು.

ಒಂದು ಬೆಳಗ್ಗೆ ಇಪ್ಪತ್ತು ಇದ್ದವು. ಇನ್ನೊಂದು ಬೆಳಗ್ಗೆ ಹದಿನಾರು. ಆಮೇಲೆ ಒಂಬತ್ತು. ನಡುವೆ ಏನಾಯಿತೆಂದು ಯಾರೂ ಕೇಳಲಿಲ್ಲ, ಯಾಕೆಂದರೆ ಯಾವ ಕೂಗೂ ಕೇಳಿಬರಲಿಲ್ಲ.

ಮರದ ಮೇಲೆ ಉಳಿಸಿದ ಹಣ್ಣು ಏನಾಯಿತು ಅಂತೀರಾ? ಮುಸುವಗಳು ಎಷ್ಟು ತಿಂದಾವು? ಕೊಂಬೆಯಲ್ಲೇ ಕಳಿತು, ಒಡೆದು, ಹುಳ ಬಿದ್ದು ಕೊಳೆಯಿತು. ತೋಪಿನ ತುಂಬ ಸಿಹಿಯೂ ಹುಳಿಯೂ ಬೆರೆತ ಒಂದು ವಾಸನೆ ನಿಂತುಬಿಟ್ಟಿತು. ನೊಣಗಳ ಗುಂಯ್‌ಗುಡುವ ಸದ್ದೊಂದು ಬಿಟ್ಟರೆ ಅಲ್ಲಿ ಬೇರೆ ಸದ್ದಿರಲಿಲ್ಲ. ಮರಿಗಳಿದ್ದ ತಾಯಿ ಮುಸುವಗಳು ಕಾರಣ ತಿಳಿಯದೆ ಮರಿಗಳನ್ನು ಎದೆಗೆ ಅವುಚಿಕೊಂಡು ಕೂರತೊಡಗಿದವು.

ಮಾದಯ್ಯ ದೊಡ್ಡ ಆಲಕ್ಕೆ ಹೋಗಿ ಒಪ್ಪಿಸಿದ, "ಯಜಮಾನ್ರೆ, ಗುರುತು ಒತ್ತೋರು ಕಮ್ಮಿಯಾಗಿದ್ದಾರೆ."

ಜಟ್ಟಪ್ಪ ಮೀಸೆ ಸವರಿಕೊಂಡ. "ನಾನು ಹೇಳಿರ್ಲಿಲ್ವಾ? ಬೇಕಾಗಿದ್ದಿದ್ರೆ ಬರ್ತಿದ್ರು. ಅವರವರ ಕಾಲ ಮೇಲೆ ಅವರು ನಿಂತ್ಕೊಂಡಿದ್ದಾರೆ ಅಂತ ಆಯ್ತು."

"ಯಜಮಾನ್ರೆ, ತೋಪಿನಲ್ಲಿ ಏನೋ ಸರಿಯಿಲ್ಲ. ಬಹಳ ನಿಶ್ಶಬ್ದ."

"ನೆಮ್ಮದಿ ಅನ್ನು," ಅಂದ ಜಟ್ಟಪ್ಪ.

ಮರುದಿನ ತುಂಗವ್ವ ಬಂದಳು. ಜೇಡಿಯ ಕಡೆ ಹೋಗದೆ ನೇರವಾಗಿ ಕಲ್ಲಜ್ಜಿಯ ಮರದ ಕೆಳಗೆ ನಿಂತಳು. ಅವಳ ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

"ಅಜ್ಜಿ, ನನಗೆ ಬೇಡ. ನನ್ನ ಮಗಳಿಗೆ ಒಂದು ಹಣ್ಣು ಹಾಕಿ."

ಕಲ್ಲಜ್ಜಿಯ ಕೈಯಲ್ಲಿ ಹಣ್ಣಿತ್ತು. ಎದುರಿನ ಕೊಂಬೆಯಲ್ಲಿ ಮಾದಯ್ಯ ನೋಡುತ್ತ ಕೂತಿದ್ದ. ಕೈ ಬಿಚ್ಚಬೇಕು ಅಂದುಕೊಂಡಳು ಕಲ್ಲಜ್ಜಿ, ಬಿಚ್ಚಲಿಲ್ಲ. ತುಂಗವ್ವ ಇನ್ನೊಂದು ಸಲ ಕೇಳಲಿಲ್ಲ.

ಅದರ ಮರುದಿನ ಪುಟ್ಟತಾಯಿ ಒಬ್ಬಳೇ ಬಂದಳು. ತಾಯಿ ನಿಂತಿದ್ದ ಜಾಗದಲ್ಲೇ ಬಂದು ನಿಂತಳು.

"ಅಮ್ಮ ಎಲ್ಲವ್ವ?" ಕಲ್ಲಜ್ಜಿ ಕೇಳಿದಳು.

"ನನ್ನ ಪಕ್ಕದಲ್ಲೇ ಇದ್ಳು. ಆಮೇಲೆ ಇರ್ಲಿಲ್ಲ."

"ಏನೂ ಸದ್ದಾಗ್ಲಿಲ್ವಾ?"

"ಅಮ್ಮ ಕೂಗೋಕೆ ಬಾಯಿ ತೆಗೆದ್ಳು," ಅಂದಳು ಪುಟ್ಟತಾಯಿ. "ಕೂಗು ಬರ್ಲಿಲ್ಲ."

ಈ ಸಲ ಕಲ್ಲಜ್ಜಿ ಮಾದಯ್ಯನ ಕಡೆ ನೋಡಲೇ ಇಲ್ಲ. ಇಡೀ ಕೊಂಬೆಯನ್ನೇ ಹಿಡಿದು ಅಲ್ಲಾಡಿಸಿದಳು. ಹಣ್ಣುಗಳು ದಬದಬ ಬಿದ್ದವು. ಮಾದಯ್ಯ ಮುಖವನ್ನು ಆಚೆಗೆ ತಿರುಗಿಸಿಕೊಂಡು ಕೂತ. ಅವತ್ತಿನಿಂದ ದಿನವೂ ಹಾಗೇ ನಡೆಯಿತು. ಕಲ್ಲಜ್ಜಿ ಕೊಂಬೆ ಅಲ್ಲಾಡಿಸುವುದು, ಮಾದಯ್ಯ ಮುಖ ತಿರುಗಿಸುವುದು. ಪುಟ್ಟತಾಯಿ ತಿಂದು ಪೊದೆಯೊಳಗೆ ಅಡಗಿಕೊಳ್ಳುತ್ತಿದ್ದಳು.

ಉಳಿದ ಜಿಂಕೆಗಳು ಮಾತ್ರ ಕಾಣಲಿಲ್ಲ. ಜೇಡಿಯ ಮೇಲೆ ಒಂದು ಗುರುತೂ ಬೀಳದೆ ವಾರ ಕಳೆಯಿತು. ಸುದ್ದಿ ಕೇಳಿ ಜಟ್ಟಪ್ಪನಿಗೆ ತನ್ನ ಗೆಲುವನ್ನು ಕಣ್ಣಾರೆ ನೋಡುವ ಆಸೆಯಾಯಿತು. "ಆ ಖಾಲಿ ಜೇಡಿಯನ್ನ ನಾನೇ ಬಂದು ನೋಡ್ತೀನಿ," ಅಂದ.

ಅವನು ಬಂದ ಬೆಳಗ್ಗೆ ಹಳ್ಳದ ಮೇಲೆ ಮಂಜು ದಟ್ಟವಾಗಿತ್ತು. ಯಜಮಾನನಿಗೆ ಮರ್ಯಾದೆ ತೋರಿಸಲು ತೋಪಿನ ಮುಸುವಗಳೆಲ್ಲ ಮರಿಗಳನ್ನು ಕಟ್ಟಿಕೊಂಡು ಕೆಳಗಿನ ಕೊಂಬೆಗಳಿಗೆ ಇಳಿದು ಕೂತಿದ್ದವು. ಜೇಡಿ ಖಾಲಿಯಾಗಿರಲಿಲ್ಲ. ಅದರ ಮೇಲೆ ಒಂದು ಸಾಲು ಹೆಜ್ಜೆಗಳಿದ್ದವು. ದುಂಡಗಿನ, ದೊಡ್ಡ, ಆಳವಾದ ಹೆಜ್ಜೆಗಳು. ಅವುಗಳೊಳಗೆ ನೀರು ಇನ್ನೂ ಜಿನುಗುತ್ತಿತ್ತು.

ಜಟ್ಟಪ್ಪ ಹುಟ್ಟಿದ ಮೇಲೆ ಮೊದಲ ಸಲ ನೆಲಕ್ಕೆ ಇಳಿದ. ಆ ಹೆಜ್ಜೆಯೊಂದರಲ್ಲಿ ತನ್ನ ಕೈ ಇಟ್ಟು ನೋಡಿದ. ಕೈ ಪೂರ್ತಿ ಮುಳುಗಿತು.

"ನೋಡಿ, ಎಷ್ಟು ಆಳ," ಅಂದ. "ಇದು ಹೊಟ್ಟೆ ತುಂಬಿದೋರ ಹೆಜ್ಜೆ. ಜಿಂಕೆಗಳು ಹಸಿದಿವೆ ಅಂತ ಹೇಳಿದೋರು ಯಾರು?"

ಅವನು ಹೇಳಿದ್ದು ಸುಳ್ಳೇನಲ್ಲ ಮಕ್ಕಳೇ. ಅದು ಹೊಟ್ಟೆ ತುಂಬಿದವರ ಹೆಜ್ಜೆಯೇ. ಯಾರನ್ನು ತಿಂದು ತುಂಬಿದ ಹೊಟ್ಟೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಲಜ್ಜಿ ಮೇಲಿನಿಂದ ನೋಡಿದಳು. ಜಿಂಕೆಯ ಗೊರಸು ಎರಡಾಗಿ ಸೀಳಿರುತ್ತದೆ. ಈ ಹೆಜ್ಜೆಯಲ್ಲಿ ಸೀಳಿರಲಿಲ್ಲ. ನಾಲ್ಕು ಬೆರಳು, ಹಿಂದೆ ಒಂದು ಅಗಲವಾದ ಅಂಗಾಲು. ಕೂಗಬೇಕೆಂದು ಬಾಯಿ ತೆರೆದಳು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು.

ಆಗ ಪೊದೆಯೊಳಗಿಂದ ಒಂದು ಸದ್ದು ಬಂತು. "ಕೀಂಯ್."

ಪುಟ್ಟತಾಯಿಯ ಕೂಗು. ಚಿರತೆಯ ವಾಸನೆ ಮೂಗಿಗೆ ಬಡಿದ ಜಿಂಕೆ ಕೂಗುವ ಕೂಗು. ಎಳೆಯ ಗಂಟಲು, ಆದರೆ ಅತ್ತಿಹಣ್ಣು ತಿಂದ ಗಂಟಲು. ಎಷ್ಟೋ ವಾರಗಳ ಮೌನ ಅದರಿಂದ ಹರಿದುಹೋಯಿತು. ಕೊಂಬೆಗಳ ಮೇಲಿದ್ದ ಮುಸುವಗಳು ಯೋಚಿಸಲಿಲ್ಲ. ಮರಿಗಳನ್ನು ಅವುಚಿಕೊಂಡು ಒಂದೇ ನೆಗೆತಕ್ಕೆ ಮರದ ತುದಿ ಸೇರಿದವು.

ಆ ಕೂಗಿನ ಅರ್ಥ ತಿಳಿಯದಿದ್ದವನು ಜಟ್ಟಪ್ಪ ಒಬ್ಬನೇ. ಅವನು ಪೊದೆಯ ಕಡೆ ತಿರುಗಿ ಗದರಿದ, "ಯಾರದು ಅಲ್ಲಿ? ಗುರುತು ಒತ್ತಿದ್ಯಾ?"

ಅವನ ಹಿಂದೆ ಮಂಜು ಸ್ವಲ್ಪ ಅಲುಗಾಡಿತು. ಮತ್ತೆ ತಿಳಿಯಾಯಿತು. ಜೇಡಿಯ ಮೇಲೆ ಯಾರೂ ಇರಲಿಲ್ಲ. ಈ ಸಲವೂ ಏನೂ ಸದ್ದಾಗಲಿಲ್ಲ.

ಬಿಸಿಲು ಏರುವವರೆಗೆ ಯಾರೂ ಮರದ ತುದಿಯಿಂದ ಇಳಿಯಲಿಲ್ಲ. ತಾಯಂದಿರು ಮರಿಗಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ಎಲ್ಲವೂ ಇದ್ದವು.

"ನೆನಪಾಯ್ತು," ಅಂದಳು ಕಲ್ಲಜ್ಜಿ. "ನಮ್ಮಜ್ಜಿ ಅದನ್ನ ಕಾವಲಿನ ಪಾಲು ಅಂತಿದ್ಳು. ನಮ್ಮ ಕಣ್ಣು ಮೇಲೆ, ಅವರ ಮೂಗು ಕೆಳಗೆ. ಅವರು ಉಂಡಿದ್ರೆ ಕೂಗ್ತಾರೆ, ಅವರು ಕೂಗಿದ್ರೆ ನಾವು ಉಳೀತೀವಿ. ನಾವು ಕೊಡ್ತಿದ್ದದ್ದು ದಾನ ಅಂದ್ಕೊಂಡ್ಬಿಟ್ವಿ."

ಮಾದಯ್ಯ ಎದ್ದು ಹೋಗಿ ಒಂದು ಬೊಗಸೆ ಹಣ್ಣು ಕೆಳಗೆ ಉದುರಿಸಿದ. ತಿನ್ನಲು ಅಲ್ಲಿದ್ದದ್ದು ಪುಟ್ಟತಾಯಿ ಒಬ್ಬಳೇ. ಗುಡ್ಡದಾಚೆಗೆ ಓಡಿಹೋಗಿದ್ದ ಮೂರು ನಾಲ್ಕು ಜಿಂಕೆಗಳು ಒಂದು ತಿಂಗಳ ಮೇಲೆ ಹೆದರುತ್ತ ಹೆದರುತ್ತ ಹಿಂತಿರುಗಿದವು. ಹೋದವರು ಬರಲಿಲ್ಲ.

ಬಿಸಿಲಿಗೆ ಜೇಡಿ ಒಣಗಿ ಗಟ್ಟಿಯಾಯಿತು. ಒಂದು ಬೆಳಗ್ಗೆ ಕಲ್ಲಜ್ಜಿ ಕೆಳಗಿಳಿದು ಅದರ ಮೇಲೆ ಬಗ್ಗಿ ನೋಡಿದಳು. ಒಂದು ಮೂಲೆಯಲ್ಲಿ, ಉಗುರಿನಿಂದ ಗೀರಿದಷ್ಟು ತೆಳ್ಳಗೆ, ಗೊರಸಿನ ಎರಡು ಸೀಳು ಕಾಣುತ್ತಿದ್ದವು. ಒಂದರ ಮೇಲೆ ಇನ್ನೊಂದು, ಎರಡು ಸಲ ಒತ್ತಿದ ಗುರುತು.

ಮಾದಯ್ಯನೂ ಇಳಿದು ಬಂದು ಪಕ್ಕದಲ್ಲಿ ಬಗ್ಗಿದ. ಬಹಳ ಹೊತ್ತು ನೋಡಿದ.

"ಬಿದ್ದಿತ್ತು ಅಜ್ಜಿ," ಅಂದ. "ನಾನು ಕೊಂಬೆಯಿಂದ ಇಳೀಲೇ ಇಲ್ಲ."

ನೀತಿ: ಹಸಿದವರ ತುತ್ತು ಕಿತ್ತು ಕೂಡಿಟ್ಟದ್ದು ಕೊಳೆತುಹೋಗುತ್ತದೆ, ಅವರ ದನಿ ಅಡಗಿದ ಕಾಡಿನಲ್ಲಿ ಉಂಡವರಿಗೂ ಕಾವಲಿರುವುದಿಲ್ಲ.