ತೂತಿಗೆ ಅಡ್ಡವಿಟ್ಟ ಹೆಬ್ಬೆರಳು

ನದೀತೀರದ ಆಶ್ರಮವೊಂದರಲ್ಲಿ ನಿರಂಜನ ಗುರುಗಳು ಸಾಫ್ಟ್‌ವೇರ್ ವಿದ್ಯೆ ಕಲಿಸುತ್ತಿದ್ದರು. ಅವರ ಬಾಯಲ್ಲಿ ಹೊಗಳಿಕೆ ಕೇಳಿದವರಿರಲಿಲ್ಲ. ಶಿಷ್ಯೆ ದಮಯಂತಿಗೆ ಬೇಕಾಗಿದ್ದದ್ದು ಅದೊಂದೇ.

ಆಶ್ರಮದ ಕಣ್ಣಿನ ಶಿಬಿರಕ್ಕೆ ಜನ ಮರುದಿನ ಬೆಳಿಗ್ಗೆಯಿಂದ ಫೋನಿನಲ್ಲೇ ಹೆಸರು ನೋಂದಾಯಿಸಬೇಕಿತ್ತು. ಎಲ್ಲರೂ ಒಮ್ಮೆಗೇ ನುಗ್ಗಿದರೆ ಸರ್ವರ್ ತಾಳೀತೇ?

ಸಾವಿರಾರು ಜನ ಬಂದಂತೆ ನಟಿಸಿ ಸರ್ವರ್ ಮೇಲೆ ಭಾರ ಹೇರಿ ನೋಡುವ ಟೂಲ್ ಒಂದು ಆಶ್ರಮದಲ್ಲಿತ್ತು. ಆದರೆ ಶಿಬಿರದ ಸರ್ವರ್ ಜೊತೆ ಮಾತಾಡುವ ರೀತಿ ಅದಕ್ಕೆ ತಿಳಿಯದು. ದಮಯಂತಿ ಅದನ್ನು ಕಲಿಸಲೆಂದೇ ಟೂಲ್‌ಗೆ ಜೋಡಿಸುವ ಎಕ್ಸ್‌ಟೆನ್ಷನ್ ಒಂದನ್ನು ತಾನೇ ಬರೆದಳು.

“ಗುರುಗಳೇ, ಹತ್ತು ಸಾವಿರ ಜನರನ್ನು ಕಳಿಸಿದೆ. ಒಬ್ಬರೂ ಬರಿಗೈಯಲ್ಲಿ ಮರಳಲಿಲ್ಲ.”

ಸಹಪಾಠಿ ವಾದಿರಾಜ ನಕ್ಕ. “ಇನ್ನು ಗುರುಗಳೇ ನಿನ್ನೆದುರು ಪಾಠಕ್ಕೆ ಕೂರಬೇಕೇನೋ, ಮಹಾತಾಯಿ!”

ಕೂರಲಿ, ತಪ್ಪೇನು, ಎಂದುಕೊಂಡಳು ದಮಯಂತಿ.

ಗುರುಗಳು ಅವಳು ಬರೆದದ್ದನ್ನು ಸಾಲು ಬಿಡದೆ ಓದಿದರು.

“ಸರ್ವರ್ ಉತ್ತರ ಕೊಡದಿದ್ದರೆ?”

“ನನ್ನ ಎಕ್ಸ್‌ಟೆನ್ಷನ್ ಸದ್ದಿಲ್ಲದೆ ಮತ್ತೆ ಕೇಳುತ್ತದೆ. ಉತ್ತರ ಸಿಗುವವರೆಗೂ ಬಿಡುವುದಿಲ್ಲ. ಸಿಕ್ಕ ಮೇಲೆ, ಗೆದ್ದಿತು ಎಂದು ತೋರಿಸುತ್ತದೆ.”

ಗುರುಗಳು ಒಂದು ಮಡಕೆ ಎತ್ತಿಕೊಂಡು ನದಿಗೆ ನಡೆದರು. ಅವಳೂ ಹಿಂದೆ ಹೋದಳು. ನೀರು ತುಂಬಿಸಿ ಅವಳ ಮುಂದೆ ಹಿಡಿದರು.

“ಸೋರುತ್ತಿದೆಯೇ?”

“ಇಲ್ಲ.” ಬಗ್ಗಿ ನೋಡಿದಳು. “ತಳದಲ್ಲಿ ತೂತಿದೆ, ಗುರುಗಳೇ. ನೀವು ಹೆಬ್ಬೆರಳು ಅಡ್ಡ ಹಿಡಿದಿದ್ದೀರಿ.”

“ಕಣ್ಣು ಕಾಣದ ಅಜ್ಜಿ ಈ ಮಡಕೆ ಹೊತ್ತು ಮನೆಗೆ ಹೋದರೆ, ಜೊತೆಗೆ ನನ್ನ ಹೆಬ್ಬೆರಳೂ ಹೋಗುತ್ತದೆಯೇ?”

ನಾಳೆ ಜನರ ಫೋನಿನಲ್ಲಿ ತನ್ನ ಎಕ್ಸ್‌ಟೆನ್ಷನ್ ಇರುವುದಿಲ್ಲ ಎಂಬುದು ದಮಯಂತಿಗೆ ಆಗ ಹೊಳೆಯಿತು. ಬಿರಬಿರನೆ ಹಿಂದಿರುಗಿ, ಮತ್ತೆ ಕೇಳುವ ಸಾಲುಗಳನ್ನು ಅಳಿಸಿದಳು. ಉತ್ತರ ಬಾರದಿದ್ದರೆ ಸೋಲು ಎಂದೇ ತೋರಿಸಬೇಕು, ಹಾಗೆ ಬರೆದಳು. ಅಷ್ಟೇ ಜನರನ್ನು ಮತ್ತೆ ಕಳಿಸಿದಳು.

ಪರದೆಯ ತುಂಬ ಕೆಂಪು ಸಾಲುಗಳು.

ವಾದಿರಾಜನೂ ನಗಲಿಲ್ಲ.

ಅವಳು ಗುರುಗಳ ಮುಂದೆ ಬಂದು ತಲೆ ತಗ್ಗಿಸಿ ನಿಂತಳು. “ಸರ್ವರ್ ಬಿತ್ತು, ಗುರುಗಳೇ. ಅರ್ಧಕ್ಕರ್ಧ ಜನಕ್ಕೆ ಉತ್ತರವೇ ಸಿಗಲಿಲ್ಲ. ನಾಳೆ ನೋಂದಣಿ ತೆರೆಯುವುದು ಬೇಡ. ಸರಿಪಡಿಸಿದ ಮೇಲೆ ತೆರೆಯೋಣ.”

ಗುರುಗಳು ಎದ್ದರು. ಅಂಗಳದಲ್ಲಿದ್ದ ಶಿಷ್ಯರನ್ನೆಲ್ಲ ಕರೆದು ಕೂರಿಸಿದರು. ತಮ್ಮ ಮಣೆಯನ್ನು ದಮಯಂತಿಯತ್ತ ಸರಿಸಿ, ತಾವು ಹೋಗಿ ವಾದಿರಾಜನ ಪಕ್ಕ ನೆಲದ ಮೇಲೆ ಕುಳಿತರು.

“ಈಗ ಹೇಳಿದ್ದನ್ನೇ ಇನ್ನೊಮ್ಮೆ ಹೇಳಮ್ಮ. ತಲೆ ಎತ್ತಿ ಹೇಳು.”