ಚಿಪ್ಪುಹಂದಿ ತಿಕ್ಕಿದ ಉಕ್ಕಿನ ತೊಟ್ಟಿ

ಮಕ್ಕಳೇ, ಹೊನ್ನಾರೆ ಕಾಡಿನಲ್ಲಿ ಒಂದು ಉಪ್ಪಿನಕಾಯಿ ಕಾರ್ಖಾನೆ ಇತ್ತು. ಪ್ರಾಣಿಗಳು ಅದನ್ನು ಹೇಗೆ ಕಟ್ಟಿದವು ಎಂದು ನನ್ನನ್ನು ಕೇಳಬೇಡಿ. ಕಟ್ಟಿದ್ದವು, ಚೆನ್ನಾಗಿಯೇ ಕಟ್ಟಿದ್ದವು. ಸುತ್ತಲಿನ ಏಳು ಕಾಡುಗಳಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಅದರ ಮಾತೆತ್ತಿದರೆ ಸಾಕು, ಆ ಕಾಡಿನ ಮೊಲ ಕೂಡ ಎದೆಯುಬ್ಬಿಸಿ ನಿಲ್ಲುತ್ತಿತ್ತು.

ಅಲ್ಲಿ ಮೂರು ದೊಡ್ಡ ಪಾತ್ರೆಗಳಿದ್ದವು. ಸಾಸಿವೆ ಹುರಿಯಲು ಕಬ್ಬಿಣದ ಬಾಣಲೆ, ನೀರು ಕಾಯಿಸಲು ತಾಮ್ರದ ಹಂಡೆ, ಮಾವಿನ ಮಿಡಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಲು ಸ್ಟೀಲಿನ ತೊಟ್ಟಿ. ಕಬ್ಬಿಣ ಬೆಂಕಿಗೆ ಜಗ್ಗದು, ಆದರೆ ಉಪ್ಪುನೀರು ತಗಲಿದರೆ ತುಕ್ಕು. ತಾಮ್ರ ಬೇಗ ಕಾಯುತ್ತದೆ, ಆದರೆ ಹುಳಿ ಬಿದ್ದರೆ ಕಿಲುಬು. ಉಪ್ಪು, ಹುಳಿ ಎರಡನ್ನೂ ತಡೆದುಕೊಳ್ಳುವುದು ಸ್ಟೀಲು.

ಯಾವ ಕೆಲಸಕ್ಕೆ ಯಾವ ಲೋಹ ಎಂದು ಗೊತ್ತುಮಾಡಿದವಳು ಮರಕುಟಿಗ ಕೆಂಚಮ್ಮ. ದಿನಾ ಬೆಳಿಗ್ಗೆ ಕೊಕ್ಕಿನಿಂದ ಪಾತ್ರೆಗಳನ್ನು ಕುಟ್ಟಿ, ಸದ್ದು ಕೇಳಿ, ಗಟ್ಟಿಯಾಗಿದೆಯೋ ಇಲ್ಲವೋ ಹೇಳುತ್ತಿದ್ದಳು. ಮುದುಕಿಯ ಕಿವಿ ಒಂದು ಸಲವೂ ತಪ್ಪಿದ್ದಿಲ್ಲ.

ಪಾತ್ರೆ ತಿಕ್ಕುವವನು ಚಿಪ್ಪುಹಂದಿ ಬೋರಯ್ಯ. ಒಳ್ಳೆ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ತನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಮಾತ್ರ ಮೂಗಿನ ತುದಿಯವರೆಗೂ ಇತ್ತು, ಅವನ ಮೂಗೋ ಮೊದಲೇ ಉದ್ದ.

ಕಬ್ಬಿಣಕ್ಕೆ ತಂತಿ ಬ್ರಷ್, ತಾಮ್ರಕ್ಕೆ ಹುಣಸೆಹಣ್ಣು, ಸ್ಟೀಲಿಗೆ ಬರೀ ತೆಂಗಿನ ನಾರು ಎಂದು ಕೆಂಚಮ್ಮ ನೂರು ಸಲ ಹೇಳಿದ್ದಳು. ಬೋರಯ್ಯನಿಗೆ ನಾರು ಎಂದರೆ ತಾತ್ಸಾರ. ಕಬ್ಬಿಣದ ತಂತಿ ಕಟ್ಟಿ ತಾನೇ ಮಾಡಿಕೊಂಡ ಬ್ರಷ್ಷೇ ಅವನಿಗೆ ಪ್ರಾಣ.

ಆ ವರ್ಷ ಮಿಡಿ ಹಾಕುವ ದಿನ ನೆರೆಕಾಡಿನವರೂ ಬರುವವರಿದ್ದರು. ತೊಟ್ಟಿ ಕನ್ನಡಿಯಾಗಬೇಕು ಎಂದು ಬೋರಯ್ಯ ತಂತಿ ಬ್ರಷ್ ಹಿಡಿದು ಅದರೊಳಗೆ ಇಳಿದ. ಕೆಂಚಮ್ಮ ಅಂಚಿನಲ್ಲಿ ಕೂತು ನೋಡಿದಳು.

"ಬೇಡ ಬೋರಯ್ಯ. ಸ್ಟೀಲಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಇರುತ್ತೆ. ತುಕ್ಕು ತಡೆಯೋದು ಅದೇ."

"ಹೋಗಕ್ಕ, ಕಾಣದ ಪೊರೆಯನ್ನು ನೀನೊಬ್ಬಳೇ ಕಂಡೆಯಾ?" ಎಂದ ಬೋರಯ್ಯ. ಕೆಂಚಮ್ಮ ರೆಕ್ಕೆ ಕೊಡವಿ ಹಾರಿಹೋದಳು. ಅವನು ಗರಗರ ತಿಕ್ಕಿದ. ತೊಟ್ಟಿ ನಿಜಕ್ಕೂ ಫಳಫಳ ಹೊಳೆಯಿತು.

ತೊಳೆದ ನೀರು ಆರುವಷ್ಟರಲ್ಲಿ ತಳದಲ್ಲಿ ಎಳ್ಳುಕಾಳಿನಂಥ ಕೆಂಪು ಚುಕ್ಕೆಗಳು ಎದ್ದವು. ಆಗಲಾದರೂ ಬಾಯಿ ಬಿಡಬಾರದಿತ್ತೇ? ಬಿಡಲಿಲ್ಲ. ಮತ್ತೆ ತಿಕ್ಕಿದ, ಚುಕ್ಕೆ ಮತ್ತೆ ಬಂತು. ಕೊನೆಗೆ ಜೇನುಮೇಣ ತಂದು ಅದರ ಮೇಲೆ ಮೆತ್ತಿಬಿಟ್ಟ.

ಮಿಡಿ ಹಾಕುವ ದಿನ ನೆರೆಕಾಡಿನವರು ಬಾಯ್ತುಂಬ ಹೊಗಳಿದರು. ಬೋರಯ್ಯ ಬಾಲ ಎತ್ತಿಕೊಂಡು ಓಡಾಡಿದ. ಇಡೀ ಕಾಡಿನ ಮಿಡಿಯೆಲ್ಲ ಆ ತೊಟ್ಟಿಗೇ ಬಿತ್ತು. ಮಳೆಗಾಲವಿಡೀ ಗಂಜಿಗೆ ನಂಚಿಕೊಳ್ಳಲು ಅದೊಂದೇ ಗತಿ. ಉಪ್ಪುನೀರು ಸೋರಿಹೋದರೆ ಮಿಡಿ ಕೊಳೆಯುತ್ತದೆ, ಮತ್ತೆ ಮಾವು ಬಿಡುವುದು ಮುಂದಿನ ವರ್ಷವೇ.

ಮರುದಿನ ಬೆಳಿಗ್ಗೆ ಕೆಂಚಮ್ಮ ತೊಟ್ಟಿ ಕುಟ್ಟಿದಳು. ಠಣ್, ಠಣ್, ಡಬ್. ಇಲ್ಲಿ ಏನೋ ಮೆತ್ತಿಕೊಂಡಿದೆ, ಯಾರು ಮುಟ್ಟಿದ್ದು ಎಂದು ಎಲ್ಲರ ಎದುರು ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೋರಯ್ಯ ಮೇಣ ಅಂಟಿದ ಪಂಜಗಳನ್ನು ಮೆಲ್ಲಗೆ ಬೆನ್ನ ಹಿಂದೆ ಮಾಡಿದ. ಕೆಂಚಮ್ಮ ಅದನ್ನು ನೋಡಿದಳು. ಮೇಣದಡಿ ತುಕ್ಕು ಕೂತಿದೆ ಎಂದು ಅವಳಿಗೆ ಹೊಳೆಯಲಿಲ್ಲ. ಅವನೇ ಹೇಳಲಿ ಎಂದು ಕಾದಳು.

ಹದಿನೈದು ದಿನ ಕಳೆಯಿತು. ಒಂದು ಮಧ್ಯಾಹ್ನ ಬೋರಯ್ಯ ಒಬ್ಬನೇ ಇದ್ದಾಗ ತೊಟ್ಟಿಯ ತಳದಿಂದ ನೂಲಿನಂತೆ ಉಪ್ಪುನೀರು ಇಳಿಯತೊಡಗಿತು. ಅವನು ಪಂಜ ಒತ್ತಿ ಹಿಡಿದ. ಪಕ್ಕದಲ್ಲೇ ಇನ್ನೊಂದು ತೂತು ಬಾಯಿಬಿಟ್ಟಿತು. ಅದಕ್ಕೆ ಇನ್ನೊಂದು ಪಂಜ ಒತ್ತಿದ. ಮೂರನೆಯದು ಚಿಮ್ಮಿತು.

ಕೂಗಿದರೆ ಮಾನ ಹೋಗುತ್ತದೆ. ಕೂಗದಿದ್ದರೆ ಮಿಡಿ ಹೋಗುತ್ತದೆ. ಬೋರಯ್ಯನಿಗೆ ಅಳು ಬಂತು. ಕಾಡಿನ ಮುದಿ ಕೋತಿ, ಹಲ್ಲಿಲ್ಲದ ಮುಸಿಯಜ್ಜಿ, ಮಿಡಿಯ ರಸ ಚೀಪಿಕೊಂಡೇ ಗಂಜಿ ಕುಡಿಯುವುದು ನೆನಪಾಯಿತು. ಅವನು ಉಸಿರೆಳೆದು ಕಾಡೆಲ್ಲ ಕೇಳುವಂತೆ ಕೂಗಿದ.

"ಎಲ್ಲರೂ ಬನ್ನಿ, ಭರಣಿ ತನ್ನಿ! ತೊಟ್ಟಿ ಸೋರುತ್ತಿದೆ. ಕೆಡಿಸಿದವನು ನಾನೇ."

ಬಂದರು ನೋಡಿ, ಮನೆಮನೆಯಿಂದ ಭರಣಿ ಹೊತ್ತುಕೊಂಡು! ಕರಡಿ, ಕಡವೆ, ಅಳಿಲು, ಯಾರೂ ಉಳಿಯಲಿಲ್ಲ. ಕೊನೆಯ ಮಿಡಿ ಭರಣಿ ಸೇರುವವರೆಗೆ ಬೋರಯ್ಯ ಪಂಜ ತೆಗೆಯಲಿಲ್ಲ. ಉಪ್ಪು ತಾಗಿ ಪಂಜದ ಚರ್ಮ ಬಿರಿದಿತ್ತು.

ಕೆಂಚಮ್ಮ ಬೈಯಲಿಲ್ಲ. ಹತ್ತಿರ ಬಂದು ಕೇಳಿದಳು. "ನಿನ್ನ ಮೈಮೇಲೆ ಒಂದು ಚಿಪ್ಪು ಎದ್ದರೆ ಇರುವೆ ಎಲ್ಲಿ ಕಚ್ಚುತ್ತೆ?"

"ಅಲ್ಲೇ ಕಚ್ಚುತ್ತೆ ಅಕ್ಕ."

"ಉಪ್ಪೂ ಹಾಗೇ. ಗೀರಿದ ಪೊರೆ ತಾನೇ ಕೂಡಿಕೊಳ್ಳುತ್ತೆ. ಆದರೆ ನಿನ್ನ ಬ್ರಷ್ಷಿನ ಕಬ್ಬಿಣದ ಪುಡಿ ಅಲ್ಲಿ ಕೂತುಬಿಟ್ಟಿತು, ಕೂಡೋಕೆ ಬಿಡಲಿಲ್ಲ. ಉಪ್ಪು ಅಲ್ಲೇ ಕೊರೆಯಿತು. ನೀನು ಮೇಣ ಮೆತ್ತಿದೆ, ಉಪ್ಪು ಮೇಣದಡಿ ಇನ್ನೂ ಜೋರಾಗಿ ಕೊರೆಯಿತು."

ಕೆಂಚಮ್ಮ ಹೇಳಿದಂತೆ ಬೋರಯ್ಯ ತೂತಾದ ಜಾಗ ಕತ್ತರಿಸಿ, ಅದೇ ಜಾತಿಯ ಸ್ಟೀಲಿನ ತೇಪೆ ಹಾಕಿದ. ಉಳಿದ ಪುಡಿ ಹೋಗಲೆಂದು ನಿಂಬೆರಸದಲ್ಲಿ ತೊಟ್ಟಿಯನ್ನು ನೆನೆಸಿ, ನೀರಿನಲ್ಲಿ ತೊಳೆದು, ಗಾಳಿಗೆ ಬಿಟ್ಟ. ಮೊದಲಿನ ಪೊರೆ ಮತ್ತೆ ಕೂಡಿತು. ಕೆಂಚಮ್ಮ ಕುಟ್ಟಿದಳು. ಠಣ್, ಠಣ್, ಠಣ್.

ಮುಂದಿನ ವರ್ಷ ನೆರೆಕಾಡಿನವರು ಮತ್ತೆ ಬಂದರು. ಗೋಡೆಯಲ್ಲಿ ಮೂರು ಗೂಟ, ಒಂದರಲ್ಲಿ ತಂತಿ ಬ್ರಷ್, ಒಂದರಲ್ಲಿ ಹುಣಸೆಯ ಚೀಲ, ಒಂದರಲ್ಲಿ ತೆಂಗಿನ ನಾರು. ಅವರು ತೊಟ್ಟಿಯ ಹೊಳಪು ನೋಡಲು ಹೊರಟರೆ, ಬೋರಯ್ಯ ಎಲ್ಲಕ್ಕಿಂತ ಮೊದಲು ಅವರನ್ನು ತೇಪೆಯ ಹತ್ತಿರ ಕರೆದೊಯ್ದ. ತಲೆ ಎತ್ತಿಯೇ ಹೇಳಿದ.

"ಕೆಡಿಸಿದ್ದೂ ನಾನೇ, ಕಲಿತು ಕಟ್ಟಿದ್ದೂ ನಾನೇ. ಕುಟ್ಟಿ ನೋಡಿ."

ನೀತಿ: ನೋಡಿಕೊಳ್ಳುವ ವಸ್ತುವಿನ ಗುಣವನ್ನು ಮೊದಲು ತಿಳಿ, ತಪ್ಪಿದರೆ ಮುಚ್ಚಬೇಡ, ಮುಚ್ಚಿದ ತಪ್ಪು ಒಳಗೇ ಕೊರೆಯುತ್ತದೆ.